ಕೆಸರು ಹೇಳಿದ್ದೆಷ್ಟು, ನಾವು ಕೇಳಿಸಿಕೊಂಡದ್ದೆಷ್ಟು

(ಬಸವನಗುಡಿಯ ಒಂದು ಪುಟ್ಟ ಸಭಾಂಗಣದಲ್ಲಿ ಭಾನುವಾರ ಬೆಳಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಹೇಳಿದ್ದನ್ನೇ ಹೇಳಿದ ಜಾಗಗಳನ್ನು ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ನಮ್ಮ ಮನೆ ಮುಂದಿನ ಅಡ್ಡರಸ್ತೆಗೆ ಹೋದ ವರ್ಷ ಕಾಂಕ್ರೀಟ್ ಹಾಕಿದರು. ಸಂಜೆ ಹಾಕಿ, ಎರಡೂ ಕಡೆ ಕಲ್ಲು ಇಟ್ಟು, ಹಗ್ಗ ಕಟ್ಟಿ ಹೋದರು. ಬೆಳಗ್ಗೆ ಹಾಲು ತರಲು ಹೊರಟಾಗ ನೋಡಿದರೆ ಅದರ ಮೇಲೆ ನಾಯಿ ನಡೆದುಹೋಗಿತ್ತು. ಹಗ್ಗ ಇದ್ದದ್ದು ಮನುಷ್ಯರಿಗೆ ತಾನೇ.

ಆ ಹೆಜ್ಜೆಗಳು ಈಗಲೂ ಇವೆ. ನಾನು ಟೇಪು ಹಿಡಿದು ಕೂತು ಅಳತೆ ಮಾಡಿದ್ದೇನೆ. ಹೋಗಿ ಬರುವವರು ಏನಂದುಕೊಂಡರೋ ಗೊತ್ತಿಲ್ಲ. ಗೇಟಿನ ಹತ್ತಿರ ಹೆಜ್ಜೆಗಳು ಒಂದೇ ಸಮ, ಒಂದೇ ಅಂತರ. ಮಧ್ಯದಲ್ಲಿ ಒಂದು ಕಡೆ ನಾಲ್ಕಾರು ಹೆಜ್ಜೆ ಒಂದರ ಮೇಲೊಂದು ಬಿದ್ದು ಗೊಜ್ಜಾಗಿವೆ. ಅಲ್ಲಿಂದಾಚೆ ಅಂತರ ಹೆಚ್ಚು, ಉಗುರಿನ ಗುರುತು ಆಳ. ಅಂದರೆ ನಾಯಿ ಓಡಿದೆ.

ಯಾಕೆ ಓಡಿತು? ಪಕ್ಕದ ಮನೆಯವರ ಪ್ರಕಾರ ವಾಚ್‌ಮನ್ ಕೋಲು ಎತ್ತಿದ. ಎದುರು ಮನೆಯವರು ಹೇಳುವುದು, ಆಚೆ ಬೀದಿಯ ನಾಯಿ ಬಂತು ಅಂತ. ಕಾಲಿಗೆ ಸಿಮೆಂಟ್ ಅಂಟಿ ಗಾಬರಿಯಾಗಿರಬೇಕು ಅಂತ ನನ್ನ ಹೆಂಡತಿಯ ಅಂದಾಜು. ಕಥೆಗಳೆಲ್ಲ ಚೆನ್ನಾಗಿವೆ. ಕಾಂಕ್ರೀಟ್ ಹೇಳಿದ್ದು ಮಾತ್ರ ಇಷ್ಟೇ: ನಡೆಯುತ್ತಿದ್ದ ನಾಯಿ ಇಲ್ಲಿಂದ ಓಡಿತು.

ಇವತ್ತು ನಾನು ಮಾತಾಡಬೇಕಾದ್ದು ಬೇಟೆಯಾಡುವ ಡೈನೋಸಾರ್‌ಗಳ ಹೆಜ್ಜೆ ಗುರುತುಗಳ ಬಗ್ಗೆ. ಹತ್ತು ಇಪ್ಪತ್ತು ಕೋಟಿ ವರ್ಷ ಹಳೆಯವು. ಆದರೆ ಸಮಸ್ಯೆ ನಮ್ಮ ಅಡ್ಡರಸ್ತೆಯದೇ. ಗುರುತು ಒಂದು ಮಾತು ಹೇಳುತ್ತದೆ, ನಾವು ಅದಕ್ಕೆ ಹತ್ತು ಸೇರಿಸುತ್ತೇವೆ. ಇನ್ನೂರು ವರ್ಷಗಳಿಂದ ದೊಡ್ಡ ದೊಡ್ಡ ವಿದ್ವಾಂಸರೂ ಇದನ್ನೇ ಮಾಡಿದ್ದಾರೆ.

ಮೊದಲು ಈ ಮೂರು ಟ್ರೇ ನೋಡಿ. ಮಣ್ಣು ಪಾಟರಿ ಟೌನ್‌ನಿಂದ ತಂದದ್ದು, ಗಣೇಶನನ್ನು ಮಾಡುವ ಜೇಡಿಮಣ್ಣು. ಇದು ಕೋಳಿ ಕಾಲು. ಅಂಗಡಿಯವನು "ಸೂಪಿಗಾ ಸಾರ್?" ಅಂತ ಕೇಳಿದ. "ಇಲ್ಲ, ಭಾಷಣಕ್ಕೆ" ಅಂದೆ. ಅವನು ಮುಂದೆ ಏನೂ ಕೇಳಲಿಲ್ಲ.

ಕೋಳಿಯೇ ಯಾಕೆ ಅಂದರೆ, ಮಾಂಸ ತಿನ್ನುವ ಡೈನೋಸಾರ್‌ಗಳೆಲ್ಲ ಬರುವ ಗುಂಪಿಗೆ ಥೆರೊಪಾಡ್ ಅಂತ ಹೆಸರು. ಟಿ. ರೆಕ್ಸ್ ಅದರಲ್ಲೇ ಬರುತ್ತದೆ. ಹಕ್ಕಿಗಳು ಬಂದದ್ದೂ ಅದೇ ಗುಂಪಿನಿಂದ. ಕೋಳಿ ಆ ಮನೆತನಕ್ಕೆ ದೂರದ ನೆಂಟ ಏನಲ್ಲ, ಅದೇ ಮನೆಯ ಕುಡಿ. ಎರಡು ಕಾಲಲ್ಲಿ ನಡಿಗೆ, ಮುಂದಕ್ಕೆ ಚಾಚಿದ ಮೂರು ಬೆರಳು, ತುದಿಗೆ ಉಗುರು. ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಬೆರಳ ಮೇಲೇ ನಡಿಗೆ.

ಮೊದಲನೇ ಟ್ರೇಯಲ್ಲಿ ಮಣ್ಣು ಚಪಾತಿ ಹಿಟ್ಟಿಗಿಂತ ಗಟ್ಟಿ. ಕಾಲು ಒತ್ತಿದರೆ ಉಗುರಿನ ಮೂರು ಚುಕ್ಕೆ ಬಿತ್ತು, ಅಷ್ಟೇ. ಎರಡನೆಯದು ಗಣೇಶ ಮಾಡುವ ಹದ. ಇಲ್ಲಿ ನೋಡಿ, ಎಷ್ಟು ಚಂದ! ಬೆರಳಿನ ಒಂದೊಂದು ಗಂಟೂ ಮೂಡಿದೆ, ಚರ್ಮದ ಗೆರೆ ಕೂಡ. ಮೂರನೆಯದು ಇಡ್ಲಿ ಹಿಟ್ಟಿನಂತೆ. ಕಾಲು ಮೊಣಕಾಲಿನವರೆಗೂ ಇಳಿಯಿತು. ಎಳೆದಾಗ ಬದಿಯ ಕೆಸರು ಕುಸಿದು ಮುಚ್ಚಿಕೊಂಡಿತು. ಉಳಿದದ್ದು ಚಾಕುವಿನಲ್ಲಿ ಸೀಳಿದಂಥ ಗೀರು, ಹಿಂದೆ ಒಂದು ಉದ್ದ ಹಳ್ಳ.

ಒಂದೇ ಕೋಳಿ, ಒಂದೇ ಕಾಲು. ಈ ಮೂರು ಗುರುತು ಮೂರು ಊರಿನ ಬಂಡೆಗಳಲ್ಲಿ ಸಿಕ್ಕಿದ್ದರೆ ನಾವು ಮೂರು ಪ್ರಾಣಿಗೆ ನಾಮಕರಣ ಮಾಡಿ ಮುಗಿಸುತ್ತಿದ್ದೆವು. ಗುರುತು ಮೂಡುವುದರಲ್ಲಿ ಕಾಲಿನ ಪಾಲು ಸ್ವಲ್ಪ, ಕಾಲು ಆಡಿದ ರೀತಿಯದು ಸ್ವಲ್ಪ, ಕೆಸರಿನ ಹದದ್ದು ಬಹಳ. ಕನ್ನಡದಲ್ಲಿ ಇಡುವುದೂ ಹೆಜ್ಜೆ, ಇಟ್ಟ ಮೇಲೆ ಉಳಿಯುವುದೂ ಹೆಜ್ಜೆ. ಮಾತಿಗೆ ಇದು ಸರಿ. ಈ ಕೆಲಸಕ್ಕೆ ಕೂತಾಗ ಮಾತ್ರ ಎರಡನ್ನೂ ಬೇರೆ ಇಟ್ಟುಕೊಳ್ಳಬೇಕು.

ಹಾಗಾಗಿಯೇ ವಿಜ್ಞಾನಿಗಳು ಹೆಜ್ಜೆ ಗುರುತಿಗೆ ಬೇರೆ ಹೆಸರು ಕೊಡುತ್ತಾರೆ. ಯೂಬ್ರಾಂಟಿಸ್, ಗ್ರಾಲೇಟರ್ ಅಂತ ಕೇಳಿರಬಹುದು. ಅವು ಪ್ರಾಣಿಗಳ ಹೆಸರಲ್ಲ, ಗುರುತುಗಳ ಹೆಸರು. ಕಲ್ಯಾಣ ಮಂಟಪದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ. ಇದು ದೊಡ್ಡ ಕಾಲಿನವರದು, ಇದು ಮಗುವಿನದು ಅನ್ನಬಹುದು. ಒಳಗೆ ಊಟಕ್ಕೆ ಕೂತವರಲ್ಲಿ ಯಾರದು ಅಂದರೆ ಕಷ್ಟ.

ಇನ್ನು ಕೆಸರು ಕಲ್ಲಾಗುವುದು ಹೇಗೆ? ಕೆರೆಯ ಅಂಚಿನ ಮೆತ್ತನೆ ಮಣ್ಣಲ್ಲಿ ಹೆಜ್ಜೆ ಬೀಳುತ್ತದೆ. ಬಿಸಿಲಿಗೆ ಒಣಗುತ್ತದೆ. ಮತ್ತೆ ನೀರು ಬಂದು, ಅದನ್ನು ಅಳಿಸದೆ, ಮೇಲೆ ಹೂಳು ಹರಡುತ್ತದೆ. ಹೂಳಿನ ಮೇಲೆ ಹೂಳು ಬಿದ್ದು, ಭಾರಕ್ಕೆ ಅದುಮಿ, ಕೋಟ್ಯಂತರ ವರ್ಷದಲ್ಲಿ ಕಲ್ಲಾಗುತ್ತದೆ. ಮುಂದೆ ಎಂದೋ ಪದರ ಬಿಟ್ಟುಕೊಂಡರೆ ಕೆಳಗಿನ ಕಲ್ಲಿನಲ್ಲಿ ಹಳ್ಳ, ಮೇಲಿನ ಕಲ್ಲಿನಲ್ಲಿ ಉಬ್ಬು. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪು ಮಾಡಿಕೊಳ್ಳಿ. ಮರದ ಮಣೆ ಮತ್ತು ಸಕ್ಕರೆ ಗೊಂಬೆ. ಕೆಲವು ಕಡೆ ಮಣೆ ಸಿಗುತ್ತದೆ, ಕೆಲವು ಕಡೆ ಗೊಂಬೆ ಮಾತ್ರ.

ಒಂದು ಮೋಸವೂ ಇದೆ. ನೋಟ್‌ಬುಕ್ಕಿನಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಕೆಳಗಿನ ಹಾಳೆಯಲ್ಲೂ ಅಕ್ಷರ ಮೂಡುತ್ತದಲ್ವಾ? ಹಾಗೇ ಭಾರದ ಪ್ರಾಣಿ ತುಳಿದರೆ ಕೆಳಗಿನ ಪದರಗಳಲ್ಲೂ ಮಂಕಾದ ಗುರುತು ಬೀಳುತ್ತದೆ. ಮೇಲಿನ ಪದರ ಸವೆದು ಹೋಗಿ, ಈ ಎರಡನೇ ಹಾಳೆ ನಮ್ಮ ಕೈಗೆ ಸಿಗುತ್ತದೆ. ಅದನ್ನೇ ಮೂಲ ಪ್ರತಿ ಅಂದುಕೊಂಡು ಅಳೆದರೆ ಅಳತೆ ತಪ್ಪುತ್ತದೆ.

ಈಗ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಹೋಗೋಣ. 1802ರಲ್ಲಿ ಸೌತ್ ಹ್ಯಾಡ್ಲಿ ಅನ್ನುವ ಊರಿನಲ್ಲಿ ಪ್ಲಿನಿ ಮೂಡಿ ಅನ್ನುವ ಹುಡುಗನಿಗೆ ಹೊಲದಲ್ಲಿ ಒಂದು ಚಪ್ಪಡಿ ಸಿಕ್ಕಿತು. ಅದರ ಮೇಲೆ ಹಕ್ಕಿ ಕಾಲಿನಂಥ ಗುರುತು. ಊರಿನವರು ಅದನ್ನು ನೋಹನ ಕಾಗೆ ಅಂದರು. ಬೈಬಲ್ಲಿನ ಪ್ರಳಯದ ಕಥೆಯಲ್ಲಿ ನೋಹ ದೋಣಿಯಿಂದ ಹಾರಿಬಿಡುವ ಕಾಗೆ ಅದು. ಆಗಿನ್ನೂ ಡೈನೋಸಾರ್ ಅನ್ನುವ ಪದವೇ ಇರಲಿಲ್ಲ. ಅದನ್ನು ರಿಚರ್ಡ್ ಓವೆನ್ ಅನ್ನುವ ಬ್ರಿಟನ್ನಿನ ವಿಜ್ಞಾನಿ ಹುಟ್ಟಿಸಿದ್ದು 1842ರಲ್ಲಿ.

ಆ ಸೀಮೆಯ ಗುರುತುಗಳನ್ನು ಕೂತು ಅಧ್ಯಯನ ಮಾಡಿದವನು ಎಡ್ವರ್ಡ್ ಹಿಚ್‌ಕಾಕ್. ಆಮ್ಹರ್ಸ್ಟ್ ಕಾಲೇಜಿನ ಪ್ರಾಧ್ಯಾಪಕ, ಪಾದ್ರಿ ಕೂಡ. 1836ರಲ್ಲಿ ಮೊದಲ ಲೇಖನ ಬರೆದ. ಮೂರು ಬೆರಳು, ಎರಡು ಕಾಲು, ಬಾಲ ಎಳೆದ ಗುರುತಿಲ್ಲ. ಇದು ಹಕ್ಕಿಯದೇ, ಆದರೆ ಮನುಷ್ಯನಿಗಿಂತ ಎತ್ತರದ ಹಕ್ಕಿ ಅಂದ. ಬದುಕಿರುವವರೆಗೂ ಆ ಮಾತು ಬಿಡಲಿಲ್ಲ. 1864ರಲ್ಲಿ ತೀರಿಕೊಂಡ. ಆಮೇಲೆ ಆ ಗುರುತುಗಳು ಡೈನೋಸಾರ್‌ಗಳವು ಅಂತ ಎಲ್ಲರೂ ಒಪ್ಪಿದರು, ಹಿಚ್‌ಕಾಕ್ ಹಕ್ಕಿ ಅಂದದ್ದು ನಗೆಪಾಟಲಾಯಿತು. ಇನ್ನೂ ನೂರು ವರ್ಷ ಕಳೆದ ಮೇಲೆ ಹಕ್ಕಿಗಳೇ ಡೈನೋಸಾರ್ ವಂಶ ಅಂತಾಯಿತು. ನನಗೆ ಈ ಮನುಷ್ಯನ ಮೇಲೆ ತುಂಬಾ ಪ್ರೀತಿ. ಅವನು ತಪ್ಪು ಹೆಸರು ಹೇಳಿದ, ಆದರೆ ಗುರುತಿನಲ್ಲಿ ಇದ್ದದ್ದನ್ನು ಸರಿಯಾಗಿ ನೋಡಿದ.

ಬಾಲದ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ನಾನು ಚಿಕ್ಕವನಿದ್ದಾಗ ಪುಸ್ತಕಗಳಲ್ಲಿ ಟಿ. ರೆಕ್ಸ್ ಕಾಂಗರೂ ಥರ ನೆಟ್ಟಗೆ ನಿಂತು ಬಾಲವನ್ನು ನೆಲಕ್ಕೆ ಊರಿರುತ್ತಿತ್ತು. ಮ್ಯೂಸಿಯಂಗಳಲ್ಲೂ ಮೂಳೆಗಳನ್ನು ಹಾಗೇ ಜೋಡಿಸಿದ್ದರು. ಹೆಜ್ಜೆ ಜಾಡುಗಳಲ್ಲಿ ನೋಡಿದರೆ ಬಾಲ ಎಳೆದ ಗೆರೆ ತೀರಾ ಅಪರೂಪ. ಎಡ ಬಲ ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬೀಳುತ್ತವೆ. ಮೊಸಳೆಯ ಹಾಗೆ ಕಾಲು ಅಗಲಿಸಿ ನಡೆದದ್ದಲ್ಲ. ಕಾಲು ನೇರ ಮೈಯ ಕೆಳಗೆ, ಬಾಲ ಗಾಳಿಯಲ್ಲಿ, ಮುಂದಿನ ಭಾರಕ್ಕೆ ತಕ್ಕಡಿಯ ಇನ್ನೊಂದು ತಟ್ಟೆಯಂತೆ. ಕೆಸರು ಇದನ್ನು ಮೊದಲಿನಿಂದಲೂ ಹೇಳುತ್ತಲೇ ಇತ್ತು. ಕೇಳಿಸಿಕೊಳ್ಳಲು ನಾವು ತಡ ಮಾಡಿದೆವು.

ಈಗ ವೇಗ. ಇದು ಎಲ್ಲರಿಗೂ ಇಷ್ಟದ ವಿಷಯ. 1976ರಲ್ಲಿ ಬ್ರಿಟನ್ನಿನ ಮೆಕ್‌ನೀಲ್ ಅಲೆಕ್ಸಾಂಡರ್ ಒಂದು ಸೂತ್ರ ಕೊಟ್ಟರು. ಮನುಷ್ಯ, ಕುದುರೆ, ಆನೆ ಎಲ್ಲ ನಡೆಯುವುದನ್ನು, ಓಡುವುದನ್ನು ಲೆಕ್ಕ ಹಾಕಿ ಮಾಡಿದ್ದು. ಎರಡು ಅಳತೆ ಸಾಕು. ಒಂದು, ಒಂದೇ ಕಾಲಿನ ಒಂದು ಗುರುತಿನಿಂದ ಅದೇ ಕಾಲಿನ ಮುಂದಿನ ಗುರುತಿನವರೆಗಿನ ದೂರ. ಇನ್ನೊಂದು ಸೊಂಟದ ಎತ್ತರ. ಸೊಂಟ ಎಲ್ಲಿಂದ ಬಂತು ಅಂತೀರಾ? ಪಾದದ ಗುರುತಿನ ಉದ್ದವನ್ನು ನಾಲ್ಕರಿಂದ ಗುಣಿಸಿದರೆ ಸುಮಾರಾಗಿ ಸಿಗುತ್ತದೆ.

ಲೆಕ್ಕ ಮಾಡಿಯೇ ನೋಡೋಣ. ಗುರುತು 30 ಸೆಂಟಿಮೀಟರ್ ಉದ್ದ, ನಮ್ಮ ಸ್ಕೂಲು ಸ್ಕೇಲಿನಷ್ಟು. ಸೊಂಟ 1.2 ಮೀಟರ್. ಎಡಗಾಲಿನಿಂದ ಎಡಗಾಲಿಗೆ 1.8 ಮೀಟರ್ ಇದ್ದರೆ ಗಂಟೆಗೆ ಸುಮಾರು 6 ಕಿಲೋಮೀಟರ್. ಲಾಲ್‌ಬಾಗ್‌ನಲ್ಲಿ ಡಾಕ್ಟರ್ ಹೇಳಿದ್ದಕ್ಕೆ ಬೆಳಗ್ಗೆ ನಡೆಯುವವರ ವೇಗ. ಅದೇ ಅಂತರ 4 ಮೀಟರ್ ಆದರೆ ಗಂಟೆಗೆ 23 ಕಿಲೋಮೀಟರ್. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡವರು ಇದನ್ನು ಕೇಳಿ ನಿಟ್ಟುಸಿರು ಬಿಡಬಹುದು.

ಸಿಕ್ಕಿರುವ ಜಾಡುಗಳಲ್ಲಿ ಬಹುಪಾಲು ನಡಿಗೆಯವೇ. ಓಟದ ಜಾಡು ಕಡಿಮೆ. ಅದು ಸಹಜ. ಹುಲಿ ಕೂಡ ದಿನದ ಹೆಚ್ಚು ಹೊತ್ತು ಮಲಗಿರುತ್ತದೆ, ಎದ್ದರೆ ನಡೆಯುತ್ತದೆ, ಓಡುವುದು ಕ್ಷಣಗಳ ಕೆಲಸ. ಆ ಕ್ಷಣ ಸರಿಯಾದ ಹದದ ಕೆಸರಿನ ಮೇಲೇ ಬರಬೇಕು. ಸ್ಪೇನ್ ದೇಶದ ಲಾ ರಿಯೋಹಾ ಪ್ರಾಂತ್ಯದಲ್ಲಿ ಹಾಗೆ ಬಂದಿದೆ. ಅಲ್ಲಿನ ಎರಡು ಓಟದ ಜಾಡುಗಳ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಒಂದರಲ್ಲಿ ವೇಗ ಗಂಟೆಗೆ 44.6 ಕಿಲೋಮೀಟರ್‌ವರೆಗೂ ಹೋಗುತ್ತದೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ದಾಖಲೆ ಮಾಡಿದಾಗ ಅವನ ಅತಿ ಹೆಚ್ಚು ವೇಗವೂ ಅಲ್ಲೇ ಎಲ್ಲೋ, 44.7ರ ಆಸುಪಾಸು. ಬೋಲ್ಟ್‌ಗೆ ಒಳ್ಳೆಯ ಟ್ರ್ಯಾಕ್ ಇತ್ತು, ಇದು ಓಡಿದ್ದು ಕೆಸರಿನಲ್ಲಿ.

ಆದರೆ ಸೂತ್ರವನ್ನು ದೇವರ ಮಾತು ಅಂದುಕೊಳ್ಳಬೇಡಿ. ಈಚೆಗೆ ಗಿನಿ ಕೋಳಿಗಳನ್ನು ಕೆಸರಿನ ಮೇಲೆ ನಡೆಸಿ ನೋಡಿದ್ದಾರೆ. ನಿಜವಾದ ವೇಗಕ್ಕೂ ಹೆಜ್ಜೆಯಿಂದ ಲೆಕ್ಕ ಹಾಕಿದ ವೇಗಕ್ಕೂ ಚೆನ್ನಾಗಿ ತಾಳೆ ಬೀಳಲಿಲ್ಲ. ಗಟ್ಟಿ ನೆಲದ ನಡಿಗೆಯೇ ಬೇರೆ, ಜಾರುವ ನೆಲದ ನಡಿಗೆಯೇ ಬೇರೆ. ಮಳೆ ಬಂದ ಮೇಲೆ ಮಾರ್ಕೆಟ್ಟಿನಲ್ಲಿ ತರಕಾರಿ ಚೀಲ ಹಿಡಿದು ನಡೆದವರಿಗೆ ಇದು ಹೊಸ ಸುದ್ದಿಯೇನಲ್ಲ.

ಇನ್ನು ನನಗೆ ಬಹಳ ಇಷ್ಟವಾದ ಕಥೆ, ಟೆಕ್ಸಾಸ್‌ನದು. ಗ್ಲೆನ್ ರೋಸ್ ಊರಿನ ಪಕ್ಕ ಪಲಕ್ಸಿ ಅಂತ ಒಂದು ನದಿ. ಅದರ ತಳದ ಸುಣ್ಣದಕಲ್ಲಿನಲ್ಲಿ ಸುಮಾರು 11 ಕೋಟಿ ವರ್ಷ ಹಳೆಯ ಹೆಜ್ಜೆಗಳು. 1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸವಿಲ್ಲ, ಕಾಸಿಲ್ಲ. ಊರಿನ ಕೆಲವರು ಆ ಹೆಜ್ಜೆಗಳನ್ನೇ ಕಲ್ಲಿನಿಂದ ಕಿತ್ತು ಮಾರಿದರು. ಮಾಲು ಸಾಲದೆ ಬಂದಾಗ ಸ್ವಲ್ಪ ಕೆತ್ತಿಯೂ ಮಾರಿದರು. ಕೆತ್ತಿದ್ದು ದೈತ್ಯ ಮನುಷ್ಯನ ಪಾದ. ಅದಕ್ಕೆ ಗಿರಾಕಿ ಜಾಸ್ತಿ.

ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಪಳೆಯುಳಿಕೆ ಹುಡುಕುತ್ತಿದ್ದ ರೋಲಂಡ್ ಬರ್ಡ್ 1938ರಲ್ಲಿ ನ್ಯೂ ಮೆಕ್ಸಿಕೋದ ಒಂದು ಅಂಗಡಿಯಲ್ಲಿ ಅಂಥ ಪಾದ ನೋಡಿದ. ನೋಡಿದ ಕೂಡಲೇ ಕೆತ್ತನೆ ಅಂತ ತಿಳಿಯಿತು. ನಮ್ಮಲ್ಲೂ ಕಾಲಿಲ್ಲದೆ ಹೆಜ್ಜೆ ಮಾಡುವ ವಿದ್ಯೆ ಇದೆ. ಕೃಷ್ಣಾಷ್ಟಮಿಗೆ ಅಕ್ಕಿಹಿಟ್ಟಿನ ನೀರಿನಲ್ಲಿ ಮುಷ್ಟಿ ಅದ್ದಿ, ಹೊಸಿಲಿನ ಹತ್ತಿರ ಒತ್ತಿ, ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಕೃಷ್ಣನ ಪುಟ್ಟ ಪಾದ. ನಮ್ಮಜ್ಜಿ ಅಡುಗೆಮನೆಯವರೆಗೂ ಹೀಗೆ ಕೃಷ್ಣನನ್ನು ನಡೆಸಿಕೊಂಡು ಹೋಗುತ್ತಿದ್ದರು. ಬೆಣ್ಣೆ ಇರುವುದು ಅಲ್ಲೇ ಅಲ್ವಾ.

ನಕಲಿಯ ಬೆನ್ನು ಹತ್ತಿ ಬರ್ಡ್ ಪಲಕ್ಸಿಗೆ ಹೋದ. ಅಲ್ಲಿ ಅಸಲಿ ಸಿಕ್ಕಿತು. ಸೊಪ್ಪು ತಿನ್ನುವ ಉದ್ದ ಕತ್ತಿನ ದೊಡ್ಡ ಡೈನೋಸಾರ್‌ನ ಜಾಡು, ಅದರ ಪಕ್ಕದಲ್ಲೇ ಮೂರು ಬೆರಳಿನ ಬೇಟೆಗಾರನ ಜಾಡು. ದೊಡ್ಡದು ಬಾಗಿದಲ್ಲಿ ಇದೂ ಬಾಗಿದೆ. ಒಂದು ಕಡೆ ಬೇಟೆಗಾರನ ಒಂದು ಹೆಜ್ಜೆ ಕಾಣೆ. ಬರ್ಡ್‌ಗೆ ಇದು ಅಟ್ಟಿಸಿಕೊಂಡು ಹೋದ ದೃಶ್ಯವಾಗಿ ಕಂಡಿತು. ಆ ಕಾಣೆಯಾದ ಹೆಜ್ಜೆಯಲ್ಲಿ ಬೇಟೆಗಾರ ಹಾರಿ ಬಾಯಿ ಹಾಕಿದೆ, ಕುಂಟು ಹೆಜ್ಜೆಯಲ್ಲಿ ನೆಗೆದಿದೆ ಅಂತ ಕೂಡ ವಾದ ಬಂತು. 1940ರಲ್ಲಿ ಆ ಭಾಗವನ್ನು ಕಿತ್ತು ತೆಗೆದರು. ಒಂದು ತುಂಡು ಈಗಲೂ ನ್ಯೂಯಾರ್ಕ್ ಮ್ಯೂಸಿಯಂನಲ್ಲಿದೆ. ಕೀಳುವ ಮುಂಚೆ ಬರ್ಡ್ ತೆಗೆದಿದ್ದ 17 ಫೋಟೋಗಳಿಂದ 2014ರಲ್ಲಿ ಸುಮಾರು 45 ಮೀಟರ್ ಉದ್ದದ ಇಡೀ ಜಾಡನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. ಹಳೆ ಆಲ್ಬಮ್ಮಿನ ಫೋಟೋಗಳಿಗೆ ಇಂಥ ಬೆಲೆ ಬರುತ್ತದೆ ಅಂತ ಬರ್ಡ್ ಕನಸಲ್ಲೂ ನೆನೆಸಿರಲಿಕ್ಕಿಲ್ಲ.

ಅಟ್ಟಿಸಿಕೊಂಡು ಹೋಯಿತು ಅನ್ನುವುದು ನಿಜವಾ? ಇರಬಹುದು. ಆದರೆ ಬೆಳಗ್ಗೆ ಒಂದು ಹೋಗಿ, ಮಧ್ಯಾಹ್ನ ಇನ್ನೊಂದು ವಾಸನೆ ಹಿಡಿದು ಅದೇ ದಾರಿಯಲ್ಲಿ ಹೋಗಿದ್ದರೂ ಜಾಡು ಹೀಗೇ ಕಾಣುತ್ತಿತ್ತು. ಹಿಂದೆ ಹೋಗಿದೆ ಅನ್ನುವುದು ಗಟ್ಟಿ. ಹಾರಿ ಕಚ್ಚಿತು ಅನ್ನುವುದನ್ನು ನಾನಂತೂ ನಂಬುವುದಿಲ್ಲ. ಒಂದು ಹೆಜ್ಜೆ ಕಾಣದಿದ್ದರೆ ಅದು ಸರಿಯಾಗಿ ಮೂಡಿರಲಿಲ್ಲ, ಅಥವಾ ಸವೆದು ಹೋಯಿತು ಅನ್ನುವುದು ಸುಲಭದ ವಿವರಣೆ.

ಕೆತ್ತದ, ಆದರೂ ಮನುಷ್ಯ ಪಾದದ ಹಾಗೆ ಉದ್ದವಾಗಿ ಕಾಣುವ ಗುರುತುಗಳೂ ಪಲಕ್ಸಿಯಲ್ಲಿವೆ. ಡೈನೋಸಾರ್ ಕಾಲದಲ್ಲೇ ಮನುಷ್ಯ ಇದ್ದ ಅನ್ನುವವರಿಗೆ ಅವು ಬಹಳ ವರ್ಷ ಆಧಾರವಾಗಿದ್ದವು. ಈಗ ನಮ್ಮ ಮೂರನೇ ಟ್ರೇ ನೋಡಿ. ಕಾಲು ಆಳಕ್ಕೆ ಇಳಿದಾಗ ಬೆರಳಿನ ಹಿಂದಿನ ಉದ್ದ ಮೂಳೆಯ ಭಾಗವೂ ಕೆಸರಿಗೆ ಒತ್ತಿಕೊಂಡಿತು. ಬೆರಳಿನ ಗೀರುಗಳು ಮುಚ್ಚಿಕೊಂಡವು. ಏನು ಉಳಿಯಿತು? ಒಂದು ಉದ್ದನೆಯ ಹಳ್ಳ. ಪಲಕ್ಸಿಯಲ್ಲಿ ಆದದ್ದೂ ಇದೇ. ಬೆರಳಿನ ಜಾಗದಲ್ಲಿ ತುಂಬಿದ್ದ ಹೂಳಿನ ಬಣ್ಣ ಬೇರೆ ಇರುವುದನ್ನು ಗಮನಿಸಿದಾಗ ಮೂರು ಬೆರಳೂ ಕಂಡವು.

ಆಸ್ಟ್ರೇಲಿಯಾದ ಕಥೆ ಇನ್ನೂ ಜೋರು. ಕ್ವೀನ್ಸ್‌ಲ್ಯಾಂಡಿನ ವಿಂಟನ್ ಹತ್ತಿರ ಲಾರ್ಕ್ ಕ್ವಾರಿ ಅಂತ ಒಂದು ಜಾಗ. ಒಂದೇ ಬಂಡೆ ಹಾಸಿನ ಮೇಲೆ 3,000ಕ್ಕೂ ಹೆಚ್ಚು ಹೆಜ್ಜೆಗಳು. ಬಹುಪಾಲು ಸಣ್ಣ ಪ್ರಾಣಿಗಳವು, ಒಂದೇ ದಿಕ್ಕಿಗೆ ಹೋಗಿವೆ. ನಡುವೆ ಎದುರು ದಿಕ್ಕಿನಿಂದ ಬಂದ ಒಂದು ದೊಡ್ಡ ಪ್ರಾಣಿಯ ಜಾಡು. 1984ರಲ್ಲಿ ಥಲ್ಬೋರ್ನ್ ಮತ್ತು ವೇಡ್ ಅನ್ನುವ ಇಬ್ಬರು ಇದನ್ನು ಹೀಗೆ ಓದಿದರು: ಕೆರೆಯಂಚಿನಲ್ಲಿ ಸಣ್ಣ ಡೈನೋಸಾರ್‌ಗಳ ಹಿಂಡು, ದೊಡ್ಡ ಬೇಟೆಗಾರ ಬಂತು, ಎಲ್ಲ ದಿಕ್ಕಾಪಾಲು. ಕಾಲ್ತುಳಿತದ ಪಳೆಯುಳಿಕೆ! ಅದರ ಮೇಲೆ ಕಟ್ಟಡ ಕಟ್ಟಿದರು, ಪ್ರವಾಸಿಗಳು ಬಂದರು.

2011ರಲ್ಲಿ ರೊಮಿಲಿಯೊ ಮತ್ತು ಸಾಲಿಸ್‌ಬರಿ ಮತ್ತೆ ಅಳೆದು, ಆ ದೊಡ್ಡ ಜಾಡು ಮಾಂಸಾಹಾರಿಯದೇ ಅಲ್ಲ, ಸೊಪ್ಪು ತಿನ್ನುವ ಪ್ರಾಣಿಯದು ಅಂದರು. ಸೊಪ್ಪು ತಿನ್ನುವ ಎರಡು ಕಾಲಿನ ಡೈನೋಸಾರ್‌ಗಳಿಗೂ ಮೂರೇ ಬೆರಳು. ಸಾಮಾನ್ಯವಾಗಿ ಬೇಟೆಗಾರನ ಗುರುತು ಅಗಲಕ್ಕಿಂತ ಉದ್ದ, ಬೆರಳು ಸಪೂರ, ಉಗುರು ಚೂಪು. ಸಸ್ಯಾಹಾರಿಯದು ಅಗಲ, ಬೆರಳು ದಪ್ಪ, ತುದಿ ಮೊಂಡು. ಕೇಳಲು ಸುಲಭ. ಕೆಸರು ಕೈಕೊಟ್ಟಾಗ ಗೊತ್ತಾಗುತ್ತದೆ ಕಷ್ಟ. ಎರಡು ವರ್ಷ ಕಳೆದ ಮೇಲೆ ಅವರೇ, ಸಣ್ಣ ಗುರುತುಗಳಲ್ಲಿ ಎಷ್ಟೋ ಓಡಿದ್ದಲ್ಲ, ಹರಿಯುವ ನೀರಿನಲ್ಲಿ ಈಜುತ್ತಾ ತಳ ಕೆರೆದದ್ದು ಅಂದರು. ಹಳಬರು ಒಪ್ಪಲಿಲ್ಲ, ಜಗಳ ಆಯಿತು. ಅದೇ ಬಂಡೆ, ಅದೇ ಗುರುತು. ಒಬ್ಬರಿಗೆ ಕಾಲ್ತುಳಿತ, ಇನ್ನೊಬ್ಬರಿಗೆ ಹೊಳೆ ದಾಟಿದ್ದು.

ಹಾಗಾದರೆ ಯಾವುದನ್ನೂ ನಂಬಬಾರದಾ ಅಂತ ಕೇಳುತ್ತೀರಿ. ನಂಬಬೇಕಾದವೂ ಇವೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಟಿ. ರೆಕ್ಸ್‌ನ ಬಳಗದ ಪ್ರಾಣಿಗಳ ಮೂರು ಜಾಡು ಸಿಕ್ಕಿವೆ. 2014ರಲ್ಲಿ ಪ್ರಕಟವಾದದ್ದು. ಮೂರೂ ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಹೋಗಿವೆ. ಒಂದರ ಮೇಲೊಂದು ಹಾದಿಲ್ಲ. ಆಳವೂ ಹೆಚ್ಚುಕಡಿಮೆ ಒಂದೇ, ಅಂದರೆ ಕೆಸರು ಒಂದೇ ಹದದಲ್ಲಿದ್ದಾಗ ನಡೆದಿವೆ. ಜೊತೆಯಾಗಿ ಹೋಗುತ್ತಿದ್ದವು ಅನ್ನಲು ಇದು ಒಳ್ಳೆಯ ಆಧಾರ. ಗುಂಪಾಗಿ ಬೇಟೆಯಾಡಿದವು ಅನ್ನಲು ಸಾಲದು. ಮೂರರಲ್ಲಿ ಒಂದರ ಎಡಗಾಲಿನಲ್ಲಿ ಒಳಬದಿಯ ಬೆರಳಿನ ಗುರುತು ಮೊಂಡು. ಒಂದು ಹೆಜ್ಜೆಯಲ್ಲಿ ಮಾತ್ರ ಹಾಗಿದ್ದರೆ ಕೆಸರಿನ ಚೇಷ್ಟೆ ಅನ್ನಬಹುದಿತ್ತು. ಎಡಗಾಲು ಮತ್ತೆ ಬಿದ್ದಾಗಲೂ ಹಾಗೇ ಇದೆ. ಬೆರಳು ತುಂಡಾಗಿತ್ತು. ಗಾಯ ಮಾಗಿದ ಮೇಲೆ ಅದು ನಡೆದುಕೊಂಡು ಹೋಗುತ್ತಿತ್ತು. ಏಳು ಕೋಟಿ ವರ್ಷದ ಹಿಂದೆ ಒಂದು ಪ್ರಾಣಿಗೆ ಆದ ಗಾಯ ಇದು. ಅದರ ಒಂದು ಮೂಳೆಯೂ ನಮಗೆ ಸಿಕ್ಕಿಲ್ಲ.

ಚೀನಾದ ಶಾನ್‌ಡಾಂಗ್‌ನಲ್ಲಿ ಎರಡೇ ಬೆರಳಿನ ಗುರುತುಗಳಿವೆ, 2008ರಲ್ಲಿ ವಿವರಿಸಿದ್ದು. ವೆಲಾಸಿರ‍್ಯಾಪ್ಟರ್ ಅನ್ನುವ ಬೇಟೆಗಾರ ಡೈನೋಸಾರ್‌ನ ಕುಟುಂಬದವಕ್ಕೆ ಒಳಬೆರಳಿನಲ್ಲಿ ಕುಡುಗೋಲಿನಂಥ ಉಗುರು ಇರುತ್ತದೆ. ನಡೆಯುವಾಗ ಅದನ್ನು ಮೇಲೆತ್ತಿಕೊಂಡಿರುತ್ತಿದ್ದವು ಅಂತ ಮೂಳೆಯ ಕೀಲು ನೋಡಿ ಮೊದಲೇ ಊಹಿಸಿದ್ದರು. ಇಲ್ಲಿ ಆ ಬೆರಳಿನ ಬುಡ ಮಾತ್ರ ಮೂಡಿದೆ, ಉಗುರು ನೆಲ ಮುಟ್ಟಿಲ್ಲ. ಕತ್ತಿಯ ಮೊನೆ ಮೊಂಡಾಗದಂತೆ ನೋಡಿಕೊಂಡ ಹಾಗೆ.

ಸ್ಪೇನಿನ ಅದೇ ಲಾ ರಿಯೋಹಾದಲ್ಲಿ ಈಜಿದ ಜಾಡೂ ಇದೆ. ಸುಮಾರು 15 ಮೀಟರ್ ಉದ್ದಕ್ಕೆ ಬರೀ ಉಗುರಿನ ಗೀರು, ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿದವು. ಮೈ ನೀರಿನಲ್ಲಿ ತೇಲುತ್ತಿತ್ತು, ಕಾಲಿನ ತುದಿ ತಳಕ್ಕೆ ತಾಗುತ್ತಿತ್ತು.

ಗ್ರೀನ್‌ಲ್ಯಾಂಡಿನ ಆಳ ಕೆಸರಿನ ಗುರುತುಗಳನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನೋಡಲು ಮೂರನೇ ಟ್ರೇಯಷ್ಟೇ ಕೆಟ್ಟವು. ಯಾರೂ ಮೂಸದಂಥ ಗೀರುಗಳು. ಆದರೆ 1999ರಲ್ಲಿ ಸ್ಟೀಫನ್ ಗೇಟ್ಸಿ ಮತ್ತು ಜೊತೆಗಾರರು ಅವನ್ನು ಅಡ್ಡಡ್ಡ ಕೊಯ್ದು ನೋಡಿದರು, ಗಿನಿ ಕೋಳಿ ಮತ್ತು ಟರ್ಕಿ ಕೋಳಿಗಳನ್ನು ಕೆಸರಿನಲ್ಲಿ ನಡೆಸಿ ಹೋಲಿಸಿದರು. ಬೆರಳುಗಳು ಹರಡಿಕೊಂಡು ಒಳಗೆ ಇಳಿದದ್ದು, ಕೆಳಗೆ ಮಡಚಿ ಒಟ್ಟುಗೂಡಿದ್ದು, ಮುಂದಿನಿಂದ ಒಂದೇ ತೂತಿನಲ್ಲಿ ಹೊರಗೆ ಬಂದದ್ದು, ಎಲ್ಲ ಅದರಲ್ಲಿತ್ತು. 20 ಕೋಟಿ ವರ್ಷಕ್ಕೂ ಹಿಂದಿನ ಕಾಲೊಂದು ಕೆಸರಿನೊಳಗೆ ಆಡಿದ ರೀತಿ! ಮ್ಯೂಸಿಯಂಗೆ ಬೇಕಾದದ್ದು ಎರಡನೇ ಟ್ರೇ. ಚಲನೆ ಉಳಿದದ್ದು ಮೂರನೆಯದರಲ್ಲಿ.

ಪ್ರಶ್ನೆಗಳು ಶುರುವಾದಾಗ ಮೊದಲು ಎದ್ದವರು ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು. "ನಾವು ಹುಲಿ ಹೆಜ್ಜೆಯನ್ನು ಗಾಜಿನ ಮೇಲೆ ಬರೆದುಕೊಂಡು ಎಣಿಸ್ತಿದ್ದೆವು. ಅದೂ ಹೀಗೇ ತಪ್ಪಾ?" ಅಂದರು. ಹುಲಿ ಬಂದಿತ್ತು, ಈ ಕಡೆ ಹೋಯಿತು ಅನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ ಸಾರ್ ಅಂದೆ. ಇದು ಇಂಥ ಹುಲಿ, ಅದು ಬೇರೆ ಹುಲಿ ಅಂತ ಗುರುತಿಸಿ ತಲೆ ಎಣಿಸಲು ಹೋದದ್ದೇ ತೊಂದರೆಯಾಯಿತು. ರಾಜಸ್ಥಾನದ ಸರಿಸ್ಕಾದಲ್ಲಿ 2005ರ ಹೊತ್ತಿಗೆ ಕಾಡಿನಲ್ಲಿ ಹುಲಿ ಇರಲಿಲ್ಲ, ಕಾಗದದಲ್ಲಿ ಇದ್ದವು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಅದಕ್ಕೂ ಮುಂಚೆಯೇ ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಎಣಿಸುತ್ತಿದ್ದರು. ಡೈನೋಸಾರ್‌ಗೆ ಕ್ಯಾಮೆರಾ ಇಡುವಂತಿಲ್ಲ. ಹಾಗಾಗಿ 20 ಹೆಜ್ಜೆ ಕಂಡರೆ 20 ಪ್ರಾಣಿ ಅನ್ನದಿರುವುದೇ ಕ್ಷೇಮ. ನಮ್ಮ ಬೀದಿಯ ನಾಯಿ ದಿನಕ್ಕೆ ಹತ್ತು ಸಲ ಅದೇ ರಸ್ತೆ ಸುತ್ತುತ್ತದೆ.

ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಲಾಲ್‌ಬಾಗ್ ಬಂಡೆಯ ಮೇಲೆ ಹುಡುಕಿದರೆ ಸಿಗುತ್ತದಾ ಅಂತ ಕೇಳಿದಳು. ಸಿಗುವುದಿಲ್ಲ ಪುಟ್ಟಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ರೂಪುಗೊಂಡದ್ದು ನೆಲದ ಒಳಗೆ ಆಳದಲ್ಲಿ, ಬೇಯುವ ಬಿಸಿಯಲ್ಲಿ. ಅಲ್ಲಿ ಯಾರೂ ಕಾಲಿಡುವಂತಿರಲಿಲ್ಲ. ಬಾದಾಮಿಗೆ ಹೋದರೆ ಮರಳುಗಲ್ಲಿನ ಮೇಲೆ ನೀರಿನ ಅಲೆ ಮೂಡಿಸಿದ ಸಾಲುಗಳು ಕಾಣುತ್ತವೆ, ನಿನ್ನೆ ಹೊಳೆ ಇಳಿದುಹೋದ ಹಾಗೆ. ಹೆಜ್ಜೆ ಬೀಳಲು ಹೇಳಿ ಮಾಡಿಸಿದ ನೆಲ. ಆದರೆ ಆ ಮರಳು ಹರಡಿದಾಗ ಭೂಮಿಯ ಮೇಲೆ ಕಾಲಿರುವ ಪ್ರಾಣಿಯೇ ಇರಲಿಲ್ಲ.

ಭಾರತದಲ್ಲಿ ನೋಡಬೇಕಾದರೆ ಜೈಸಲ್ಮೇರ್. ಅಲ್ಲಿಗೆ ಹತ್ತಿರದ ಥಯಾತ್ ಹಳ್ಳಿಯ ಬಳಿ ಜುರಾಸಿಕ್ ಕಾಲದ ಮೊದಲ ಭಾಗದ ಮರಳುಗಲ್ಲಿನಲ್ಲಿ ಬೇಟೆಗಾರರ ಗುರುತು ಸಿಕ್ಕಿವೆ. ಒಂದು 30 ಸೆಂಟಿಮೀಟರ್ ಆಸುಪಾಸಿನದು, ಇನ್ನೊಂದು ಐದೂವರೆ ಸೆಂಟಿಮೀಟರಿನದು, ಕೋಳಿ ಕಾಲಿಗಿಂತ ಚಿಕ್ಕದು. ಹಿಚ್‌ಕಾಕ್ ಅಮೆರಿಕದಲ್ಲಿ ಕೊಟ್ಟಿದ್ದ ಯೂಬ್ರಾಂಟಿಸ್, ಗ್ರಾಲೇಟರ್ ಹೆಸರುಗಳೇ ಥಾರ್ ಮರುಭೂಮಿಯ ಗುರುತಿಗೂ ಬಂದಿವೆ. ಮೂಳೆ ಬೇಕೆಂದರೆ ನರ್ಮದಾ ಕಣಿವೆ. ಅಲ್ಲಿನ ರಾಜಾಸಾರಸ್ ಅನ್ನುವ ಮಾಂಸಾಹಾರಿಗೆ 2003ರಲ್ಲಿ ಹೆಸರಿಟ್ಟರು.

ಟಿ. ರೆಕ್ಸ್‌ನ ಹೆಜ್ಜೆ ಸಿಕ್ಕಿದೆಯಾ ಅಂತ ಒಬ್ಬರು ಕೇಳಿದರು. ನ್ಯೂ ಮೆಕ್ಸಿಕೋದಲ್ಲಿ 1983ರಲ್ಲಿ ಸಿಕ್ಕ ಒಂದು ಗುರುತು ಬಹುಶಃ ಅದರದೇ, 80 ಸೆಂಟಿಮೀಟರಿಗಿಂತ ಉದ್ದ. ಈ ಮೂರು ಟ್ರೇ ಪಕ್ಕಪಕ್ಕ ಇಟ್ಟರೂ ಅದರೊಳಗೆ ಹಿಡಿಸಬಹುದು.

ಎಲ್ಲ ಮುಗಿದು ಕಾಫಿ ಕುಡಿಯುವಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಹತ್ತಿರ ಬಂದು, "ಆ ಕೋಳಿ ಕಾಲು ಏನು ಮಾಡ್ತೀರಿ?" ಅಂತ ಮೆಲ್ಲಗೆ ಕೇಳಿದರು. ಅವರಿಗೆ ಸೂಪಿನ ಯೋಚನೆ ಇತ್ತೋ ಏನೋ. ಮಣ್ಣು ಮೆತ್ತಿದ್ದರಿಂದ ಮನೆಗೆ ಬಂದು ತೊಳೆದು ಬೀದಿ ನಾಯಿಗೆ ಹಾಕಿದೆ. ಅದು ತಿನ್ನುತ್ತಿರುವಾಗ ಮುಂಗಾಲಿನ ಅಗಲವನ್ನು ಟೇಪಿನಲ್ಲಿ ಅಳೆಯಲು ನೋಡಿದೆ. ಒಮ್ಮೆ ಗುರ್ ಅಂತು, ಬಿಟ್ಟುಬಿಟ್ಟೆ. ಕಾಂಕ್ರೀಟಿನ ಮೇಲೆ ನಡೆದದ್ದು ಅದೇ ನಾಯಿಯಾ ಅಂತ ಪಕ್ಕದ ಮನೆಯವರು ಕೇಳಿದರು. ಅಳತೆ ಸಿಕ್ಕಿಲ್ಲ ಅಂದೆ. "ಅದೇ ರೀ, ನನಗೆ ಗೊತ್ತು" ಅಂತ ಅವರು ಒಳಗೆ ಹೋದರು.